ಇಪ್ಪತ್ತಮೂರನೆಯ ಪಾಠ

ಆಲುವ
೧೦ ಜುಲೈ ೨೦೨೫, ಗುರುವಾರ

ಮಹತಿ ಕಂದಾ,

ನಿನಗೂ ಆದರ್ಶನಿಗೂ ಪುಟ್ಟ ಋತ್ವಿಕನಿಗೂ ಅಮ್ಮನ ಆಶೀರ್ವಾದ. ಮಗುವಿನ ಹುಟ್ಟುಹಬ್ಬಕ್ಕೆ ತಿರುವನಂತಪುರಕ್ಕೆ ಬಂದೇ ಬರುತ್ತೇನೆ ಅಂತ ಟಿಕೆಟ್ಟನ್ನೂ ತೆಗೆಸಿ ಕೊನೆಗೆ ಬರಲಿಲ್ಲ. ಬರೆಯುತ್ತೇನೆ ಅಂದ ಕಾಗದವೂ ಹದಿನೈದು ದಿನ ತಡ. ಬೈದುಕೋ, ಬೈಸಿಕೊಳ್ಳಲು ಸಿದ್ಧವಾಗಿಯೇ ಕೂತಿದ್ದೇನೆ. ನಾಲ್ಕು ವರ್ಷ ತುಂಬಿದ ಮೇಲಾದರೂ ನಿನ್ನ ಮಗ ನನ್ನನ್ನು ಅಮ್ಮೂಮ್ಮ ಅನ್ನುವುದು ಬಿಟ್ಟು ಅಜ್ಜಿ ಅನ್ನುತ್ತಾನೋ ನೋಡಬೇಕು.

ಫೋನಿನಲ್ಲಿ ಹೇಳಬಾರದಿತ್ತಾ ಅಂತ ಕೇಳುತ್ತೀಯ. ಫೋನಿನಲ್ಲಿ ನೀನು ಒಂದು ಕಿವಿ ನನಗೆ ಕೊಟ್ಟು ಇನ್ನೊಂದನ್ನು ನಿನ್ನ ಆಫೀಸಿಗೆ ಕೊಟ್ಟಿರುತ್ತೀಯ. ಇಂಗ್ಲಿಷಿನಲ್ಲಿ ಬರೆದರೆ ಕಣ್ಣಾಡಿಸಿ ಬಿಟ್ಟುಬಿಡುತ್ತೀಯ. ಕನ್ನಡವಾದರೆ ಬೇಸಿಗೆ ರಜೆಯಲ್ಲಿ ನಾನು ಕಲಿಸಿದ ಹಾಗೇ, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಬೇಕು. ಓದು. ಲಕೋಟೆಯಲ್ಲಿ ಒಂದು ಪೆನ್ ಡ್ರೈವ್ ಇದೆ, ಕಾಗದ ಪೂರ್ತಿ ಮುಗಿಯುವವರೆಗೆ ಅದನ್ನು ಮುಟ್ಟಬೇಡ.

ನನಗೆ ಸುಸ್ತಾಗಿದೆ ಮಗಳೇ. ಮೈಗಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ನಿಂತು ಕೆಮಿಸ್ಟ್ರಿ ಪಾಠ ಮಾಡಿದ ಕಾಲು ಇನ್ನೂ ಗಟ್ಟಿ ಇದೆ. ಈಗ ನಿಲ್ಲುವುದೇ ಬೇಡ ಅನ್ನುತ್ತಾರಲ್ಲ, ಅದರಿಂದ ಸುಸ್ತು. ಲಾಕ್‌ಡೌನಿನಲ್ಲಿ ನಾನು ಮಾಡಿದ ಅರವತ್ತನಾಲ್ಕು ವಿಡಿಯೊ ಪಾಠಗಳಿವೆಯಲ್ಲ, ಅವನ್ನು ಹುಡುಗರು ಮನೆಯಲ್ಲೇ ನೋಡಿಕೊಂಡು ಬರುತ್ತಾರಂತೆ. ತರಗತಿಯಲ್ಲಿ ಚರ್ಚೆಯಂತೆ. ಬಂದವರಿಗೆ 'ಏನ್ರೋ ಚರ್ಚೆ ಮಾಡೋಣ' ಅಂದರೆ ನನ್ನ ಮುಖ ನಾನೇ ನೋಡಿಕೊಳ್ಳಬೇಕು. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಅನ್ನುತ್ತಾರೆ. ಇಲ್ಲಿ ಅಡುಗೆ ಮಾಡಿದವಳೂ ನಾನೇ, ಬಡಿಸುವವಳೂ ನಾನೇ, ಎಲೆ ಮುಂದೆ ಕೂತವರಿಗೆ ಮಾತ್ರ ಹಸಿವಿಲ್ಲ.

ಯಾರು ಎಷ್ಟು ನೋಡಿದರು ಅಂತ ತೋರಿಸಲು ಒಂದು ಪರದೆ ಇದೆ. ಪೂರ್ತಿ ನೋಡಿದವರ ಹೆಸರಿನ ಮುಂದೆ ಹಸಿರು ಚುಕ್ಕಿ. ಮೊನ್ನೆ ಹಸಿರು ಚುಕ್ಕಿಯ ಮಹಾಶಯನೊಬ್ಬನನ್ನು ಎಬ್ಬಿಸಿ ಪ್ರಶ್ನೆ ಕೇಳಿದೆ. ತೆಂಗಿನಮರ ನೋಡುವವನ ಹಾಗೆ ಮೇಲೆ ನೋಡಿದ. ವಿಡಿಯೊ ಹಾಕಿಟ್ಟು ಸ್ನಾನಕ್ಕೆ ಹೋಗಿದ್ದನಂತೆ! ಮಿಕ್ಕವರು ಎರಡು ಪಟ್ಟು ವೇಗದಲ್ಲಿ ಓಡಿಸಿ ನೋಡುತ್ತಾರೆ. ಒಬ್ಬಳ ಫೋನಿನಲ್ಲಿ ಕೇಳಿದೆ, ನನ್ನ ಧ್ವನಿ ಥೇಟ್ ಅಳಿಲಿನದು. ಇನ್ನು ಅಸೈನ್‌ಮೆಂಟು. ಮೂವತ್ತೆಂಟರಲ್ಲಿ ಇಪ್ಪತ್ತೊಂಬತ್ತು ಯಂತ್ರ ಬರೆದದ್ದು. ಅದನ್ನು ಹಿಡಿಯಲು ಇನ್ನೊಂದು ಯಂತ್ರ ಕೊಟ್ಟಿದ್ದಾರೆ. ಅದು ನಾನೇ ಕೈಯಾರೆ ಬರೆದ ಮಾದರಿ ಉತ್ತರವನ್ನೂ ಯಂತ್ರದ್ದೇ ಅಂದುಬಿಟ್ಟಿತು. ನಗಬೇಕೋ ಅಳಬೇಕೋ ಹೇಳು.

ಎಲ್ಲವೂ ಕೆಟ್ಟದ್ದು ಅಂತಲ್ಲ, ಹಾಗೆ ಬರೆದರೆ ನನ್ನ ಬಾಯಿಗೆ ಹುಳ ಬೀಳುತ್ತದೆ. ಅಪೇಕ್ಷಾ ಅಂತ ಒಬ್ಬ ಹುಡುಗಿ ಇದ್ದಾಳೆ, ಕಾಸರಗೋಡಿನ ಕಡೆಯವಳು, ಶಾಲೆಯೆಲ್ಲ ಕನ್ನಡದಲ್ಲಿ ಓದಿದವಳು. ತರಗತಿಯಲ್ಲಿ ನನ್ನ ಇಂಗ್ಲಿಷು ಅವಳಿಗೆ ದಕ್ಕುವುದಿಲ್ಲ. ವಿಡಿಯೊವನ್ನು ನಿಲ್ಲಿಸಿ, ಹಿಂದಕ್ಕೆ ಎಳೆದು, ಒಂದೊಂದು ವಾಕ್ಯವನ್ನು ಆರೇಳು ಸಲ ಕೇಳಿ ನೋಟ್ಸ್ ಮಾಡುತ್ತಾಳೆ. ಮೊದಲ ಸೆಮಿಸ್ಟರಿನಲ್ಲಿ ನಪಾಸಾದವಳು ಈಗ ತರಗತಿಗೆ ಎರಡನೆಯವಳು. ಅವಳ ಮುಖ ನೋಡಿದಾಗೆಲ್ಲ ಆ ವಿಡಿಯೊ ಮಾಡಿದ್ದು ಸಾರ್ಥಕ ಅನ್ನಿಸುತ್ತದೆ.

ಈಗ ನಿನಗೂ ನನಗೂ ಜಗಳವಾದ ವಿಷಯಕ್ಕೆ ಬರುತ್ತೇನೆ. ನಮ್ಮ ಡಿಜಿಟಲ್ ವಿಭಾಗ ನೋಡಿಕೊಳ್ಳುವ ಜಾಯ್ಸ್ ಗೊತ್ತಲ್ಲ, ಫೋರ್ಟ್ ಕೊಚ್ಚಿಯಿಂದ ದಿನಾ ಓಡಾಡುವ ಚಿಕ್ಕ ವಯಸ್ಸಿನ ಟೀಚರು. ನಾನು ಬರುವ ಮಾರ್ಚಿಗೆ ನಿವೃತ್ತಿಯಾದ ಮೇಲೂ ನನ್ನ ಪಾಠಗಳನ್ನು ಇಟ್ಟುಕೊಳ್ಳುತ್ತಾರಂತೆ. ಅದಕ್ಕೆ ಅರವತ್ತನಾಲ್ಕರ ಸದ್ದುಗದ್ದಲವನ್ನೂ ಯಂತ್ರದಿಂದ ತೊಳೆದು, ಹೊಸದನ್ನು ಇಟ್ಟು, ಹಳೆಯದನ್ನು ಅಳಿಸುವುದು. ನಾನೊಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಇಪ್ಪತ್ತೆರಡನೆಯ ತಾರೀಖು ಕೊನೆ. ಯಂತ್ರ ಕಂಡುಹಿಡಿದ ಗದ್ದಲಗಳ ಪಟ್ಟಿಯನ್ನೂ ಪಾಪ ಅಚ್ಚು ಹಾಕಿ ತಂದುಕೊಟ್ಟಳು. ಪಾಠ ನಾಲ್ಕು, ಕುಕ್ಕರಿನ ವಿಷಲ್. ಪಾಠ ಒಂಬತ್ತು, ಕಾಗೆ. ಪಾಠ ಹದಿನೈದು, ಮೀನು ಮಾರುವವನ ಕೂಗು. ಹೀಗೆ ಎರಡು ಪುಟ.

ಓದುತ್ತಾ ಆ ದಿನಗಳೆಲ್ಲ ಎದ್ದು ಬಂದವು. ನಮ್ಮ ಮಲಗುವ ಕೋಣೆಯ ಬೀರುವಿನ ಬಾಗಿಲಿಗೆ ಕರಿಹಲಗೆಯ ಬಣ್ಣ ಬಳಿದದ್ದು ನಿಮ್ಮಪ್ಪ. ಎರಡು ಅಕ್ಕಿ ಡಬ್ಬದ ಮೇಲೆ ಉಪ್ಪಿನಕಾಯಿ ಜಾಡಿ ಇಟ್ಟು, ಅದಕ್ಕೆ ಫೋನು ಒರಗಿಸಿ, ಪರದೆ ಸರಿಸಿ ಬೆಳಕು ನೋಡಿ, ಕೈಸನ್ನೆ ಮಾಡಿ 'ಹೂಂ, ಶುರು' ಅನ್ನುತ್ತಿದ್ದರು. ನಡುವೆ ಏನಾದರೂ ಸದ್ದಾದರೆ ಮತ್ತೆ ಮೊದಲಿನಿಂದ. ಕತ್ತರಿಸಿ ಅಂಟಿಸುವ ವಿದ್ಯೆ ನಮ್ಮಿಬ್ಬರಿಗೂ ಬರುತ್ತಿರಲಿಲ್ಲ. ಸಂಜೆ ಐದರೊಳಗೆ ಕಳಿಸದಿದ್ದರೆ ಆ ದಿನದ ತರಗತಿ ತೆಗೆದುಕೊಂಡಿಲ್ಲ ಅಂತ ಲೆಕ್ಕ.

"ಇಪ್ಪತ್ತಮೂರನೇ ಪಾಠ ಮಾತ್ರ ಮುಟ್ಟಬೇಡ ಜಾಯ್ಸ್" ಅಂದೆ.

"ಅಯ್ಯೋ ಟೀಚರೇ, ಅದರಲ್ಲೇ ಜಾಸ್ತಿ ಗಲಾಟೆ ಇರುವುದು. ನಿಮ್ಮ ಹೆಸರಿಗೇ ಒಳ್ಳೆಯದಲ್ಲವೇ?" ಅಂದಳು ಮಲಯಾಳದಲ್ಲಿ. ಪ್ರಿನ್ಸಿಪಾಲರು ಕರೆಸಿ ಕೇಳಿದರು. ಅವರಿಗೂ ಕಾರಣ ಹೇಳಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳು ಅಂತ ಸ್ಟಾಫ್ ರೂಮಿನಲ್ಲಿ ನನ್ನ ಬಗ್ಗೆ ಅವರವರ ಭಾಷೆಯಲ್ಲಿ ಆಡಿಕೊಳ್ಳುತ್ತಿದ್ದಾರೆ. ಆಡಿಕೊಳ್ಳಲಿ. ನೀನೂ ಫೋನಿನಲ್ಲಿ ಅಂದೆಯಲ್ಲ, "ಜಸ್ಟ್ ಸೈನ್ ಇಟ್ ಅಮ್ಮಾ, ಬರೀ ನಾಯ್ಸ್ ತೆಗೀತಾರೆ ಅಷ್ಟೇ" ಅಂತ. ನನಗೆ ಕೋಪ ಬಂದು ಫೋನಿಟ್ಟೆ. ಅದೇ ಕೋಪಕ್ಕೆ ಹುಟ್ಟುಹಬ್ಬಕ್ಕೂ ಬರಲಿಲ್ಲ. ಮೈ ಸರಿಯಿಲ್ಲ ಅಂದದ್ದು ನೆಪ.

ಭಾನುವಾರ, ೧೩ ಜುಲೈ

ಗುರುವಾರ ಅಲ್ಲಿಗೇ ಪೆನ್ನು ಇಟ್ಟಿದ್ದೆ. ಇದನ್ನು ಹರಿದು ಹಾಕಿ, ಸಹಿ ಮಾಡಿ, ನಿನಗೆ ಬರೀ ಯೋಗಕ್ಷೇಮದ ಕಾಗದ ಬರೆಯೋಣ ಅಂದುಕೊಂಡಿದ್ದೆ. ಶುಕ್ರವಾರ ಅಪೇಕ್ಷಾ ಲ್ಯಾಬಿನಲ್ಲಿ ಎಲ್ಲರೂ ಹೋಗುವವರೆಗೆ ಕಾದು, ನನ್ನ ಮೇಜಿನ ಹತ್ತಿರ ಬಂದಳು. ಒಂದು ಪ್ರಶ್ನೆ ಕೇಳಿದಳು, ಪಾಠದ್ದಲ್ಲ. ಕೈಯಲ್ಲಿದ್ದ ಗಾಜಿನ ನಳಿಕೆಯನ್ನು ಸುಮ್ಮನೆ ತೊಳೆಯುತ್ತಾ ನಿಂತುಬಿಟ್ಟೆ. ಅವಳು ಹೆದರಿ "ಸಾರಿ ಟೀಚರ್" ಅಂತ ಹೊರಟುಹೋದಳು. ಅವಳದೇನೂ ತಪ್ಪಿಲ್ಲ, ಮಗು ಕಾಳಜಿಯಿಂದ ಕೇಳಿದ್ದು. ಅದಕ್ಕೇ ಈ ಕಾಗದವನ್ನು ಹರಿಯಲಿಲ್ಲ.

ಮಿಕ್ಕಂತೆ ಎಲ್ಲ ಕ್ಷೇಮ. ಕಾಲೇಜಿಗೆ ಮೆಟ್ರೊ ಹತ್ತಿ ಹೋಗಿ ಬರುವುದರಿಂದ ಮಂಡಿನೋವೂ ಕಮ್ಮಿ. ಮೈಸೂರಿನಿಂದ ನಿರ್ಮಲತ್ತೆ ಹುಳಿಪುಡಿ ಕಳಿಸಿದ್ದಾಳೆ, ಅರ್ಧ ನಿನಗೆ ಇಟ್ಟಿದ್ದೇನೆ. ಆದರ್ಶನಿಗೆ ಕೆಲಸದ ಜೊತೆ ಊಟದ ಕಡೆಗೂ ಗಮನ ಕೊಡಲು ಹೇಳು. ಋತ್ವಿಕನಿಗೆ ದಿನಕ್ಕೊಂದು ಕನ್ನಡ ಮಾತು ಕಲಿಸು, ಸಾಕು. ನೀವು ಮೂವರೂ ತಣ್ಣಗಿರಿ, ಒಬ್ಬರ ಮಾತಿಗೊಬ್ಬರು ಕಿವಿ ಕೊಟ್ಟು ಬಾಳಿ.

ಇಂತಿ ನಿನ್ನ ಅಮ್ಮ,
ಜಯಲಕ್ಷ್ಮಿ

ತಾ.ಕ. - ಮಗು ಹುಟ್ಟಿದ ವರ್ಷ ನೀನು ಕೇಳಿದ್ದೆ, ಅಪ್ಪನ ಧ್ವನಿ ಎಲ್ಲಾದರೂ ಇದೆಯಾ ಅಮ್ಮಾ, ಋತ್ವಿಕನಿಗೆ ಕೇಳಿಸಬೇಕು ಅಂತ. ಅವರ ಫೋನು ಆಸ್ಪತ್ರೆಯಿಂದ ವಾಪಸು ಬರಲೇ ಇಲ್ಲವಲ್ಲ, ಎಲ್ಲೂ ಇಲ್ಲ ಅಂದಿದ್ದೆ. ಸುಳ್ಳು ಹೇಳಿದೆ. ಇಪ್ಪತ್ತಮೂರನೆಯ ಪಾಠದಲ್ಲಿ, ಮೂವತ್ತೊಂದನೆಯ ನಿಮಿಷದಲ್ಲಿ ಇದೆ. ಜಾಯ್ಸಳ ಪಟ್ಟಿಯಲ್ಲಿ 'ಗಂಡಸಿನ ಧ್ವನಿ, ಎರಡು ಸಲ' ಅಂತ ಬರೆದಿದೆ.

ಅವತ್ತು ಅವರು ಫೋನು ಜೋಡಿಸಿ, "ಸುಸ್ತಾಗ್ತಿದೆ, ಮಿಕ್ಕಿದ್ದು ನೀನೇ ನೋಡ್ಕೋ" ಅಂತ ಆಚೆ ಕೋಣೆಗೆ ಹೋಗಿ ಮಲಗಿದ್ದರು. ಸಮತೋಲನದ ಪಾಠ. ಗಂಟೆ ನಾಲ್ಕಾಗುತ್ತಾ ಬಂದಿತ್ತು, ಅದಾಗಲೇ ಎರಡು ಸಲ ಕೆಟ್ಟು ಮೂರನೆಯ ಸಲ ಮಾಡುತ್ತಿದ್ದೆ. ಬಾಗಿಲು ತೆಗೆದು, "ಜಯಾ, ಒಂದ್ನಿಮಿಷ ಬರ್ತೀಯಾ? ಮೈಯೆಲ್ಲ ಬಿಸಿ ಆಗಿದೆ ಅನ್ಸುತ್ತೆ, ಮುಟ್ಟಿ ನೋಡು" ಅಂದರು.

"ಅಯ್ಯೋ, ಸುಮ್ನಿರಿ ಅಂದ್ರೆ! ಕ್ಲಾಸು ನಡೀತಿದೆ, ಕಾಣಲ್ವಾ? ಬಾಗಿಲು ಹಾಕ್ಕೊಳ್ಳಿ" ಅಂದೆ. ತಿರುಗಿಯೂ ನೋಡಲಿಲ್ಲ.

"ಸರಿ ಸರಿ, ಮುಗಿಸ್ಕೋ" ಅಂದರು. ಬಾಗಿಲು ಹಾಕಿದ ಸದ್ದು ಕೇಳುತ್ತದೆ. ನಾನು ಪಾಠ ಮುಂದುವರಿಸಿದ್ದೂ ಕೇಳುತ್ತದೆ. ಮೊದಲಿನಿಂದ ಮಾಡಲು ಹೊತ್ತಿರಲಿಲ್ಲ, ಹಾಗೇ ಕಳಿಸಿದೆ. ಹೇಗೂ ಕೇಳುವವರೆಲ್ಲ ಮಲಯಾಳಿ ಹುಡುಗರು, ಕನ್ನಡ ಯಾರಿಗೆ ಅರ್ಥವಾಗುತ್ತದೆ ಅಂದುಕೊಂಡೆ.

ಸಂಜೆ ಕಾಫಿ ಕೊಡುತ್ತಾ "ಏನೋ ಅಂದ್ರಲ್ಲ ಆಗ?" ಅಂತ ಕೇಳಿದೆ. "ಏನಿಲ್ಲ ಬಿಡು, ಕ್ಲಾಸು ಮುಗೀತಾ?" ಅಂದರು. ಸದ್ಯ, ಏನಿಲ್ಲವಲ್ಲ ಅಂತ ನಿಜಕ್ಕೂ ಸಮಾಧಾನವಾಯಿತು ನನಗೆ. ಮಾರನೆಯ ದಿನ ಇಪ್ಪತ್ತನಾಲ್ಕು ಮಾಡಿದೆ, ಅದರ ಮಾರನೆಯ ದಿನ ಇಪ್ಪತ್ತೈದು. ಅವರು ಮತ್ತೆ ಬಾಗಿಲು ತೆಗೆಯಲಿಲ್ಲ. ನಾನು ಹಣೆ ಮುಟ್ಟಿ ನೋಡಿದ್ದು ಇಪ್ಪತ್ತೈದು ಮುಗಿದ ಮೇಲೆ, ಉಸಿರು ಎಳೆಯಲು ಶುರುವಾದಾಗ. ಆಮೇಲಿನದು ನಿನಗೆ ಗೊತ್ತು. ಎಂಟು ತಿಂಗಳ ಬಸುರಿ ನಿನ್ನನ್ನು ಬರಬೇಡ ಅಂತ ನಾನೇ ತಡೆದೆ.

ಆಗ ನೀನು ಅಳುತ್ತಾ ಕೇಳಿದೆ, "ಅಪ್ಪ ಏನೂ ಹೇಳಲೇ ಇಲ್ವಾ ಅಮ್ಮಾ?" ಅಂತ. "ನಿಮ್ಮಪ್ಪ ಗೊತ್ತಲ್ಲ, ಹೇಳಿಕೊಳ್ಳೋ ಜನ ಅಲ್ಲ" ಅಂದುಬಿಟ್ಟೆ. ನಾಲ್ಕು ವರ್ಷದಿಂದ ನೀನು ಸತ್ತವರ ಮೇಲೆ ಮುನಿಸು ಇಟ್ಟುಕೊಂಡಿದ್ದೀಯ. ಮೊನ್ನೆಯೂ ಅಂದೆ, ಅಪ್ಪ ಒಂದು ಮಾತು ಹೇಳಿದ್ದರೆ ಉಳಿಯುತ್ತಿದ್ದರು ಅಂತ. ಹೇಳಿದ್ದರು ಕಣೇ. ನಿಮ್ಮಪ್ಪ ಹೇಳಿದ್ದರು.

ಅಪೇಕ್ಷಾ ಕೇಳಿದ್ದು ಇಷ್ಟೇ: "ಟೀಚರ್, ಒಂದು ಕೇಳ್ಲಿಕ್ಕುಂಟು. ಇಪ್ಪತ್ತಮೂರನೇ ವಿಡಿಯೊದಲ್ಲಿ ಸರ್ ಮಾತಾಡ್ತಾರಲ್ಲ, ಅವರಿಗೆ ಆಮೇಲೆ ಜ್ವರ ಬಿಟ್ಟಿತಾ?"

ಪೆನ್ ಡ್ರೈವಿನಲ್ಲಿ ಇರುವುದು ಆ ಪಾಠ. ಋತ್ವಿಕನಿಗೆ ತಾತನ ಧ್ವನಿ ಕೇಳಿಸುವುದಾದರೆ ಕೇಳಿಸು, ಅದರ ನಡುವೆ ಇರುವ ನನ್ನ ಧ್ವನಿಯನ್ನೂ ಕತ್ತರಿಸಬೇಡ. ಸಹಿ ಹಾಕಬೇಕೋ ಬೇಡವೋ ಇಪ್ಪತ್ತೆರಡರೊಳಗೆ ನೀನು ಹೇಳು, ಹಾಗೆ ಮಾಡುತ್ತೇನೆ. ಆದರೆ ಮಗಳೇ, ನೀನೂ ಈ ಕಾಲದವಳು, ಅವಸರದವಳು. ಎರಡು ಪಟ್ಟು ವೇಗದಲ್ಲಿ ಕೇಳಬೇಡ.