ಹತ್ತನೇ ಮನೆಯ ಅಂಗಿ

ರೀ,

ನಾನು ಚೆನ್ನಾಗಿದ್ದೇನೆ. ನೀವು ಹೊಸ ಗಣಿಗೆ ಹೋದ ಮೇಲೆ ನಮ್ಮ ಸಾಲಿನಲ್ಲಿ ಇನ್ನೂ ಆರು ಮನೆಗೆ ಬೀಗ ಬಿತ್ತು. ನಮ್ಮದೂ ಸೇರಿ ಉಳಿದಿರುವುದು ಹತ್ತೇ. ಹತ್ತು ಮನೆಗಿಂತ ಕಡಿಮೆಯಾದರೆ ನಲ್ಲಿ ನೀರು ಬಂದ್ ಅಂತೆ. ಗಣಿಗೆ ಹೋಗುವ ಆಳಿಲ್ಲದ ಮನೆ ಕಂಪನಿಯವರ ಲೆಕ್ಕಕ್ಕೇ ಇಲ್ಲ. ಅಲ್ಲಿ ನಿಮಗೆ ಮನೆ ಸಿಗುವ ತನಕ ನಾನು ಇಲ್ಲೇ ಇರಬೇಕಲ್ಲ? ಅದಕ್ಕೇ ನೀವು ಬಿಟ್ಟುಹೋದ ಗಣಿ ಅಂಗಿಯನ್ನು ದಿನಾ ಒಗೆದು ಬೀದಿಗೆ ಕಾಣುವ ಹಾಗೆ ಹಗ್ಗಕ್ಕೆ ಹಾಕುತ್ತಿದ್ದೆ.

ತೊಡುವವರಿಲ್ಲದೆ ಒಗೆದೂ ಒಗೆದೂ ಗಣಿಯ ಕೆಂಪು ಕಲೆ ಪೂರ್ತಿ ಹೋಗಿಬಿಟ್ಟಿದೆ. ನನಗದು ಹೊಳೆದೇ ಇರಲಿಲ್ಲ. ನಿನ್ನೆ ಮನೆ ಎಣಿಸಲು ಬಂದ ಮೇಸ್ತ್ರಿ ಅಂಗಿ ಮುಟ್ಟಿ ನೋಡಿ, "ಏನಮ್ಮಾ, ನಿಮ್ಮ ಯಜಮಾನ್ರು ಗಣಿಗೆ ಹೋಗ್ತಾರೋ, ಮದುವೆಗೆ ಹೋಗ್ತಾರೋ?" ಅಂದರು.

"ನನ್ನ ಕೈ ಒಗೆತ ಅಂದ್ರೆ ಹಂಗೇ" ಅಂತ ಜಂಬ ಕೊಚ್ಚಿದೆ. ನಕ್ಕು, ಹತ್ತು ಅಂತ ಬರೆದುಕೊಂಡು ಹೋದರು. ಮುಂದಿನ ಸಲ ನಂಬುವುದಿಲ್ಲ.

ಈ ಕಡೆ ಬರುವ ಲಾರಿಯವರ ಕೈಲಿ ನೀವು ತೊಟ್ಟ ಅಂಗಿಯೊಂದನ್ನು ಒಗೆಯದೆ ಹಾಗೇ ಕಳಿಸಿ. ನೀರಿಗೋಸ್ಕರ ಕೇಳುತ್ತಿದ್ದೇನೆ, ಬೇರೇನೂ ಅಂದುಕೊಳ್ಳಬೇಡಿ.

ಎರಡು ಕಳಿಸಿದರೆ ಇನ್ನೂ ಒಳ್ಳೆಯದು. ಒಂದನ್ನು ನಾನು ಒಗೆಯುವುದಿಲ್ಲ.

ಇಂತಿ,
ಹತ್ತನೇ ಮನೆಯವಳು