ನೆಕುಲೈಯ ಬೂಟುಗಳು

ಡೊರೊಹೋಯಿ
ಫೆಬ್ರವರಿ ೯

ಪ್ರೀತಿಯ ಅಗ್ಲಾಯಕ್ಕನಿಗೆ,

ನೀನು, ಭಾವ, ಮಕ್ಕಳು ಆ ಇಟಲಿಯ ಬಿಸಿಲಿನಲ್ಲಿ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಕ್ರಿಸ್‌ಮಸ್‌ಗೆ ನೀನು ಬರೆದದ್ದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಕೋರ್ಟಿನವರು ನನ್ನನ್ನು ಬಿಟ್ಟರೆ ತಾನೇ? ನೆಕುಲೈ ನನ್ನ ಗಂಡನೆನ್ನಲು ಒಂದು ಕಾಗದ, ಸತ್ತಿದ್ದಾನೆನ್ನಲು ಇನ್ನೊಂದು. ಅವನು ಸತ್ತದ್ದರಿಂದ ನನಗೆ ದುಃಖವಾಗಿದೆ ಎನ್ನುವುದಕ್ಕೂ ಸಾಕ್ಷಿ ಬೇಕಂತೆ! ಪಕ್ಕದ ಮನೆಯ ಲೆನುತ ಕಟಕಟೆಯಲ್ಲಿ ನಿಂತು, "ಅಳ್ತಾಳೆ ಸ್ವಾಮಿ, ಗೋಡೆಯಾಚೆ ನಮಗೂ ನಿದ್ದೆ ಇಲ್ಲ" ಅಂದಳು. ನಾಚಿಕೆಯಿಂದ ಭೂಮಿಗಿಳಿದು ಹೋದೆ.

ಈಗ ಬೂಟಿನ ಗೋಳು ಕೇಳು. ಹೋದ ಚಳಿಗಾಲದಲ್ಲಿ ಮರ ಕೊಯ್ಯುವ ಕಾರ್ಖಾನೆಯ ಮಾಲೀಕ ಹಿಮ ಕೆರೆಯಲೆಂದು ನೆಕುಲೈಯನ್ನು ಛಾವಣಿಯ ಮೇಲೆ ಹತ್ತಿಸಿದ್ದನಲ್ಲ, ಅಲ್ಲಿಂದ ಬಿದ್ದು ಸತ್ತದ್ದಕ್ಕೆ ನಾನು ಕೇಸು ಹಾಕಿದ ಮೇಲೆ ಈಗ ಮಾಲೀಕನ ವಕೀಲ ಹೇಳುತ್ತಾನೆ: ಹೊಸ ಬೂಟು ಕೊಟ್ಟಿದ್ದೆವು, ಕುಡಿದು ಜಾರಿ ಬಿದ್ದ. ಆಸ್ಪತ್ರೆಯಿಂದ ನನ್ನ ಕೈಗೆ ಬಂದ ಬೂಟಿನ ಅಟ್ಟೆ ಸವೆದು ಅಂಗೈಯಂತೆ ನುಣ್ಣಗಿತ್ತು. ನನ್ನ ವಕೀಲೆ ಕ್ರಿಸ್ಟೆಸ್ಕು ಕಣ್ಣರಳಿಸಿ, "ಎಲ್ಲಿ ಆ ಬೂಟು?" ಅಂದರು. ನಲವತ್ತನೆಯ ದಿನ ಅವನ ಹೆಸರಿನಲ್ಲಿ ದಾನ ಕೊಟ್ಟೆ ಅಂದೆ.

"ಸಾಕ್ಷ್ಯವನ್ನ ಯಾರಾದ್ರೂ ದಾನ ಮಾಡ್ತಾರೇನ್ರೀ?"

"ಮತ್ತೆ? ಇಲ್ಲಿ ಕೊಟ್ಟಿದ್ದನ್ನೇ ತಾನೇ ಅವನು ಅಲ್ಲಿ ಹಾಕ್ಕೊಳ್ಳೋದು? ನಿಮ್ಮ ಕಡೆ ಸತ್ತವರನ್ನ ಬರಿಗಾಲಲ್ಲಿ ಕಳಿಸ್ತೀರಾ?"

ಅವರು ತಲೆ ಹಿಡಿದುಕೊಂಡು ಕೂತರು. ರಾಜಧಾನಿಯಲ್ಲಿ ಬೆಳೆದವರು, ಪಾಪ.

ಬೂಟು ಚರ್ಚಿನಲ್ಲಿ ಗಂಟೆ ಹೊಡೆಯುವ ಗ್ರಿಗೋರೆಯ ಹತ್ತಿರ ಇತ್ತು. ಅವನ ಕಾಲಿಗೆ ದೊಡ್ಡದಾಗಿ, ಒಳಗೆ ಬಟ್ಟೆ ತುರುಕಿಕೊಂಡು ಭಾನುವಾರಕ್ಕಷ್ಟೇ ಹಾಕುತ್ತಿದ್ದ. "ತಗೊಂಡ್ಹೋಗು ತಾಯಿ, ನನಗೇನು? ಅಲ್ಲಿ ಕಾಲು ಕೊರೆಯೋದು ನೆಕುಲೈಗೆ" ಅಂದ. ಅತ್ತೆಯಂತೂ ಬಾಗಿಲಲ್ಲೇ ತಡೆದು, "ನನ್ನ ಮಗನ ಕಾಲಿಂದ ಬಿಚ್ಕೊಂಡು ಬಂದ್ಯಾ?" ಎಂದು ಕಿರುಚಿದರು. ಆಮೇಲೆ ಎಷ್ಟೋ ದಿನ ನಾನು ಮಾಡಿದ ಸಾರು ಮುಟ್ಟಲಿಲ್ಲ. ಕೊನೆಗೆ ಪಾದ್ರಿಯನ್ನು ಕೇಳಿದೆ. "ಬದಲಿಗೆ ಹೊಸ ಜೊತೆ ಕೊಡಮ್ಮ, ಪ್ರಾರ್ಥನೆ ಹೇಳಿಬಿಡ್ತೀನಿ. ದೇವರೇನು ಚಪ್ಪಲಿ ಅಂಗಡಿ ಇಟ್ಟಿಲ್ಲ" ಅಂದರು. ಗ್ರಿಗೋರೆಯನ್ನು ಸಂತೆಗೆ ಕರೆದೊಯ್ದು, ಕೂರಿಸಿ, ಹಾಕಿ ನೋಡಿಸಿ, ಒಳ್ಳೆ ಜೊತೆ ಕೊಂಡು, ಮೇಣದ ಬತ್ತಿ ಹಚ್ಚಿ, ರೊಟ್ಟಿಯ ಜೊತೆ ಅವನ ಕೈಗಿಟ್ಟೆ. ಅತ್ತೆ ಅಂದೇ ಸಾರು ಕುಡಿದರು.

ಇಷ್ಟೆಲ್ಲ ಮಾಡಿ ಬೂಟನ್ನು ಕೋರ್ಟಿನಲ್ಲಿಟ್ಟರೆ ಆ ವಕೀಲ ಏನಂದ ಗೊತ್ತೇ? ಅಟ್ಟೆ ಸವೆಸಿದವನು ಗ್ರಿಗೋರೆಯಂತೆ! ಸರಿ, ತಜ್ಞರು ನೋಡಲಿ ಅಂದರು ನ್ಯಾಯಾಧೀಶರು. ಬೂಟು ಚೀಲದೊಳಗೆ ಹೋಯಿತು, ಮೇಲೆ ಅರಗಿನ ಮುದ್ರೆ ಬಿತ್ತು, ಕೇಸು ಬರುವ ಈಸ್ಟರ್ ಆಚೆಗೆ ಹೋಯಿತು. ಈ ನಡುವೆ ನ್ಯಾಯಾಧೀಶರಿಗೇ ವರ್ಗವಾಯಿತು. ಮೊನ್ನೆ ಮಾಲೀಕನ ಕಡೆಯವನೊಬ್ಬ ಬಂದು, "ಕೇಸ್ ವಾಪಸ್ ತಗೊಳ್ಳಮ್ಮ, ಬೂಟೂ ವಾಪಸ್ ಬರುತ್ತೆ" ಎಂದು ಹಲ್ಲು ಕಿರಿದ. ಬಾಗಿಲು ತೋರಿಸಿದೆ. ನೆಕುಲೈ ಕುಡಿದಿರಲಿಲ್ಲ, ಹತ್ತು ಅಂದಿದ್ದಕ್ಕೆ ಹತ್ತಿದ. ಅದನ್ನು ಅವರ ಬಾಯಿಂದಲೇ ಕೇಳುವವರೆಗೆ ನಾನು ಬಿಡುವವಳಲ್ಲ ಅಕ್ಕಾ.

ದೇವಮಾತೆ ನಿಮ್ಮೆಲ್ಲರನ್ನೂ ಕಾಯಲಿ. ಮಕ್ಕಳಿಗೆ ನನ್ನ ಮುತ್ತು, ಭಾವನ ಸೊಂಟನೋವು ಬೇಗ ವಾಸಿಯಾಗಲಿ.

ನಿನ್ನ ತಂಗಿ,
ವ್ಯೋರಿಕಾ

ತಾ.ಕ.: ಇದನ್ನು ಅತ್ತೆಗೆ ಹೇಳಿಲ್ಲ. ಗುರುವಾರ ನೆಕುಲೈ ಕನಸಿಗೆ ಬಂದಿದ್ದ. ಹೊಸ ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡು ಹಿಮದಲ್ಲಿ ನಿಂತಿದ್ದ. "ಕಾಲು ತೂರ್ತಾ ಇಲ್ಲ ಕಣೆ" ಅಂದ, ಸ್ವಲ್ಪವೂ ಸಿಟ್ಟಿಲ್ಲದೆ. ನಾನೆಂಥ ದಡ್ಡಿ, ಗ್ರಿಗೋರೆಯ ಕಾಲಿನ ಅಳತೆಗೆ ತಂದುಬಿಟ್ಟೆ. ನೆಕುಲೈಯಷ್ಟು ದೊಡ್ಡ ಪಾದದ ಬಡವರು ಈ ಊರಲ್ಲಿ ಯಾರೂ ಸಿಗುತ್ತಿಲ್ಲ. ಅಲ್ಲಿ ನಿನಗೆ ಯಾರಾದರೂ ಗೊತ್ತಿದ್ದರೆ ಬೇಗ ಬರೆ ಅಕ್ಕಾ, ಇಲ್ಲಿ ಇನ್ನೂ ಹಿಮ ಬೀಳುತ್ತಿದೆ.