ಪೆಂಡುರ್ತಿಯಲ್ಲಿ ನಾನು ನುಡಿಸಿದ ಚೆಲೊ

ಗವರ್ನರ್‌ಪೇಟೆ, ವಿಜಯವಾಡ
೯-೧೧-೧೯೮೭

ನಮ್ಮಕ್ಕನ ಮುದ್ದಿನ ಮಗಳು ಪದ್ಮಾಗೆ, ನಿನ್ನ ಶಂಕರಪ್ಪ ಮಾವನ ತುಂಬು ಹಾರೈಕೆಗಳು.

ನೀನು ಬರೆದಂತೆ ವಿಶಾಖಪಟ್ಟಣಕ್ಕೆ ಹೋಗಿ ಹುಡುಗನನ್ನು ನೋಡಿಬಂದೆ. ಸಂಬಳ ಸಾರಿಗೆ ಅಪ್ಪ ವಿಚಾರಿಸಲಿ, ಗುಣ ಹೇಗೆಂದು ನೀನು ನೋಡು ಮಾವ, ನೀನು ಹೂಂ ಅಂದರೆ ನಾನೂ ಹೂಂ ಅನ್ನುತ್ತೇನೆ ಅಂತ ಬರೆದಿದ್ದೆಯಲ್ಲ. ಇಂಥ ಹೊಣೆಯನ್ನು ನನಗಲ್ಲದೆ ಇನ್ಯಾರಿಗೆ ಒಪ್ಪಿಸುತ್ತೀ! ಆದರೆ ನನ್ನ ತಲೆಯೀಗ ಕಡೆದ ಮೊಸರಾಗಿದೆ.

ಊರಾಚೆಯ ಪೆಂಡುರ್ತಿಯಲ್ಲಿರುವ ಅವರ ಮನೆಯಲ್ಲಿ ಎದೆಮಟ್ಟದ ಒಂದು ವಾದ್ಯ ಗೋಡೆಗೊರಗಿ ನಿಂತಿತ್ತು. ಹುಡುಗ ಸೂರ್ಯಪ್ರಕಾಶ ಆಫೀಸು ಮುಗಿಸಿ ಬಂದು ದಿನಾ ಅದನ್ನು ನುಡಿಸುತ್ತಾನಂತೆ. ಹೆಸರೇನೆಂದು ಕೇಳಿದೆ. ಹುಡುಗನ ತಾಯಿಯ ತಾಯಿ, ತೆಲುಗಿನ ಅಜ್ಜಿ ಸೂರ್ಯಕಾಂತಮ್ಮ ‘ಪೆದ್ದ ಫಿಡೇಲು’ ಅಂದರು, ದೊಡ್ಡ ಪಿಟೀಲು ಅಂತ. ಬ್ಯಾಂಕಿನ ಕೆಲಸಕ್ಕೆ ನಮ್ಮ ಕಡೆಯಿಂದ ಬಂದು ನೆಲೆಸಿದ ಅವನಪ್ಪ ‘ಸೆಲ್ಲೊ’ ಅಂದರು. ಹುಡುಗ ‘ಚೆಲೊ’ ಅಂದ. ಅವನಿಗೆ ಕಲಿಸಿದ ಚರ್ಚಿನ ಮೇಷ್ಟ್ರು ‘ವಯೊಲಾನ್‌ಚೆಲೊ’ ಅನ್ನುತ್ತಾರಂತೆ. ತಾಯಿಯಂತೂ, ಅದು ನಮ್ಮನೆ ಹಿರೀ ಸೊಸೆ ಕಣ್ರೀ, ನಿಮ್ಮ ಹುಡುಗಿ ಎರಡನೆಯವಳು ಅಂದುಬಿಟ್ಟರು! ಅದು ಚೇಷ್ಟೆಯೋ ಎಚ್ಚರಿಕೆಯೋ, ಇನ್ನೂ ತಿಳಿದಿಲ್ಲ.

ಗೊತ್ತಿಲ್ಲ ಅನ್ನುವುದು ನನ್ನ ಜಾಯಮಾನವಲ್ಲ. ನಾಟಕದ ಕಂಪನಿಯಲ್ಲಿ ಇಂಥವನ್ನು ಬೇಕಾದಷ್ಟು ನುಡಿಸಿದ್ದೇನೆ ಅಂದೆ. ಹಾಗಾದರೆ ಆಗಲಿ ಅಂದರು ಅಜ್ಜಿ. ನಾನೇನು ಕಡಿಮೆ? ಚಾಪೆಯ ಮೇಲೆ ಚಕ್ಕಂಬಕ್ಕಲ ಹಾಕಿ, ನಮ್ಮ ಸಂಗೀತ ಕಚೇರಿಯ ಪಿಟೀಲಿನವರ ಹಾಗೆ ಅದರ ಬುಡವನ್ನು ಎದೆಗೂ ತಲೆಯನ್ನು ಪಾದಕ್ಕೂ ಆನಿಸಿ ಕಮಾನು ಎಳೆದೆ. ಮನೆಮಂದಿಯೆಲ್ಲ ಬೆರಗಾದರು.

ಹುಡುಗನ ಗುಣ ಬರೆಯಲು ಕೂತರೆ ಮಾತ್ರ ಏನೂ ತೋಚದು. ಮಾತು ಕಡಿಮೆ. ಆ ಹಿರೀ ಸೊಸೆಯ ಮುಂದೆ ನಿನಗೆ ಜಾಗವುಂಟೋ ಇಲ್ಲವೋ? ಬರುವ ಭಾನುವಾರ ಅವರಿಗೆ ಉತ್ತರ ಹೇಳಬೇಕು. ನೀನೇ ಯೋಚಿಸು, ತಾಯಿ.

ಯಾವತ್ತಿದ್ದರೂ ನಿನ್ನ ಕಡೆಯವನೇ ಆದ
ಶಂಕರಪ್ಪ ಮಾವ

ತಾ.ಕ.: ಇದನ್ನು ನಿಮ್ಮಮ್ಮನಿಗೆ ಓದಿ ಹೇಳಬೇಡ. ಬೆರಗಾದರು ಅಂದೆನಲ್ಲ, ಬಿದ್ದು ಬಿದ್ದು ನಕ್ಕರು. ವಾದ್ಯ ಕೋಣದ ಹಾಗೆ ಒದರಿತು; ಅದರ ತಲೆ ನನ್ನ ಪಾದ ದಾಟಿ ಜಾರಿತು. ಬೇರೆಯವನಾಗಿದ್ದರೆ ಕಸಿದುಕೊಳ್ಳುತ್ತಿದ್ದ. ಸೂರ್ಯಪ್ರಕಾಶ ನಗಲಿಲ್ಲ. ಚಾಪೆಯ ಮೇಲೆ ನನ್ನ ಪಕ್ಕ ಕೂತು, ಅದರ ಕುತ್ತಿಗೆಗೆ ಕೈ ಕೊಟ್ಟು, ನೀವು ಹಿಡಿದ ಹಾಗೇ ಹಿಡೀರಿ ಮಾವಯ್ಯಗಾರೂ, ಕಮಾನು ನಿಮ್ಮದು, ಬೆರಳು ನಂದು ಅಂದ. ನಾನು ಎಳೆದೆ, ಅವನು ಬೆರಳಿಟ್ಟ. ಅದೇನು ನಾದ, ಪದ್ಮಾ! ಅಜ್ಜಿ ಕೂಡ ನಗು ನಿಲ್ಲಿಸಿದರು. ಭಾನುವಾರ ನಾನೇ ಹೋಗಿ ಒಪ್ಪಿಗೆ ಹೇಳಿಬರುತ್ತೇನೆ. ಬೇಡವೆನ್ನುವುದಾದರೆ ಟೆಲಿಗ್ರಾಂ ಕೊಡು.